ಹತ್ತು ಸಾವಿರದ ಏಳು ಟಗರು

ಏಳು ಗುಡ್ಡದಾಚೆ ಒಂದು ರಾಜ್ಯ. ಆ ರಾಜ್ಯದಲ್ಲಿ ಕರಿಸಿದ್ದವ್ವ ಅಂತ ಒಬ್ಬ ಕುರುಬಗಿತ್ತಿ ಇದ್ದಳು. ಅವಳ ಹಟ್ಟಿಯ ಮಂದೆ ಅಂದ್ರೆ ಮಂದೆ ಕಣ್ರೋ! ಎಲ್ಲ ಉಣ್ಣೆಗೆ ಸಾಕಿದ ಟಗರು. ಒಟ್ಟಿಗೆ ಸೀನಿದರೆ ಮೋಡ ಚದುರೋದು. ಒಟ್ಟಿಗೆ ನೀರು ಕುಡಿದರೆ ಹೊಳೆ ಹಿಂದಕ್ಕೆ ಹರಿಯೋದು. ಎಣಿಸಿದರೆ ಹತ್ತು ಸಾವಿರದ ಏಳು. ಸುಳ್ಳು ಅನ್ನೋರು ಈಗಲೇ ಎದ್ದು ಹೋಗಿ.

ಆ ಲೆಕ್ಕಕ್ಕೊಂದು ಗುಣವಿತ್ತು. ಗೊಬ್ಬರಕ್ಕೆ ಅಂತ ಹೊಲದಲ್ಲಿ ಕುರಿ ನಿಲ್ಲಿಸ್ತಾರಲ್ಲ, ಆಗ ಎಷ್ಟು ರೊಪ್ಪ, ಅಂದ್ರೆ ಮುಳ್ಳುಬೇಲಿಯ ಕುರಿದೊಡ್ಡಿ, ಕಟ್ಟಿ ಸಮನಾಗಿ ಹಂಚಿದರೂ ಒಂದಿಷ್ಟು ಬೇಲಿಯ ಹೊರಗೆ ಮಿಕ್ಕೋವು. ಕರಿಸಿದ್ದವ್ವ ಎಲ್ಲ ಥರ ಹಂಚಿ ನೋಡಿ ಸೋತಿದ್ದಳು.

ಒಂದಿನ ರಾಜನ ದಳವಾಯಿ ಮುದ್ದರಸನ ಕಣ್ಣು ಮಂದೆ ಮೇಲೆ ಬಿತ್ತು. "ಏಯ್ ಮುದುಕಿ, ಗುಡ್ಡದ ಮೇವು ಬೇಕಾದರೆ ಮಂದೆ ಸಮಪಾಲು ಮಾಡು. ಒಂದು ಪಾಲು ನನಗೆ. ಇಲ್ಲಾ, ಗುಡ್ಡ ಬಿಟ್ಟು ಇಳಿ."

ಗುಡ್ಡ ಬಿಟ್ಟರೆ ಹಟ್ಟಿಗೆ ಹಟ್ಟಿಯೇ ಉಪವಾಸ. ಕರಿಸಿದ್ದವ್ವ ಸೀದಾ ರಾಜನ ಮುಂದೆ ಹೋಗಿ ಕೋಲು ಊರಿ ನಿಂತಳು.

"ದಳವಾಯಿಗಳೇ ಪಾಲು ಮಾಡಲಿ, ಮಾಸ್ವಾಮಿ. ಎಲ್ಲ ಒಂದೇ ರೊಪ್ಪಕ್ಕೆ ತುಂಬೋದು ಬೇಡ, ಒಂದೊಂದಕ್ಕೆ ಒಂದೊಂದು ರೊಪ್ಪಾನೂ ಬೇಡ. ಸಮ ಬಂದರೆ ಒಂದು ಪಾಲು ಅವರದು. ಬರದಿದ್ರೆ ಗುಡ್ಡ ನಮ್ಮ ಹಟ್ಟಿಗೆ. ಅಲ್ಲೀತನಕ ನಾನಂತೂ ಕದಲೋಳಲ್ಲ!"

ರಾಜ ನಕ್ಕು, "ಮೂರು ದಿನ ಕೊಟ್ಟೆ" ಅಂದ.

ಮೊದಲ ದಿನ ಗುಡ್ಡದ ಮೇಲೆ, ರಾಜನ ಎದುರಿಗೇ ಎರಡು ರೊಪ್ಪ. ಎರಡೂ ತುಂಬಿದವು, ಒಂದು ಟಗರು ಹೊರಗೆ ನಿಂತು "ಬ್ಯಾ" ಅಂತು.

ಎರಡನೇ ದಿನ ಮೂರು ರೊಪ್ಪ. ಎರಡು ಮಿಕ್ಕವು. ಮಿಕ್ಕಿದ್ದು ಸಾಲದು ಅಂತ ದಳವಾಯಿಗೇ ಡಿಕ್ಕಿ ಹೊಡೆದವು.

ಮೂರನೇ ದಿನ ಏಳು ರೊಪ್ಪ. ನಾಲ್ಕು ಮಿಕ್ಕಿ ಅವನ ಪೇಟ ಮೇಯ್ದವು.

"ಇನ್ನೊಂದೇ ದಿನ, ಮಹಾಪ್ರಭೂ!" ಅಂತ ದಳವಾಯಿ ಕಾಲಿಗೆ ಬಿದ್ದ. ರಾಜ ಕೊಟ್ಟ. ಮುದ್ದರಸ ಮನಸ್ಸಲ್ಲೇ ಅಂದ್ಕೊಂಡ: ಎರಡು ರೊಪ್ಪಕ್ಕೆ ಒಂದೇ ತಾನೇ ಅಡ್ಡ? ಅದೊಂದು ಇಲ್ಲವಾದರೆ ಆಯಿತು! ಯಾರಿಗೂ ತಿಳಿಯದಂಗೆ ಒಂದು ಟಗರು ಕಡಿಸಿ, ಸಾರು ಮಾಡಿಸಿ, ಮುದ್ದೆ ಜೊತೆ ಉಂಡು ತೇಗಿದ.

ಬೆಳಗಾಯಿತು. "ಎರಡು ರೊಪ್ಪ!" ಅಂತ ಕೂಗಿದ. ಟಗರು ನುಗ್ಗಿದವು. ಎರಡೂ ಸಮ! ಹೊರಗೆ ಒಂದೂ ಇಲ್ಲ. ದಳವಾಯಿ ಮೀಸೆ ತಿರುವಿದ.

ಕರಿಸಿದ್ದವ್ವ ಅಳಲಿಲ್ಲ, ಚಪ್ಪಾಳೆ ತಟ್ಟಿದಳು. "ಮಾಸ್ವಾಮಿ, ಮೊದಲ ದಿನ ಇವೇ ಎರಡು ರೊಪ್ಪ. ಆವತ್ತು ನಿಮ್ಮ ಕಣ್ಣೆದುರೇ ಒಂದು ಹೊರಗಿತ್ತು. ಅದೆಲ್ಲಿ?"

"ಅದೂ ಒಳಗೆ ಸೇರ್ತು" ಅಂದ ದಳವಾಯಿ.

"ಸೇರಿದ್ರೆ ಒಂದು ರೊಪ್ಪದಲ್ಲಿ ಒಂದು ಜಾಸ್ತಿ ಇರಬೇಕಲ್ಲಪ್ಪ! ನನ್ನ ಮಂದೆ ಪೂರ್ತಿ ಇದ್ರೆ ಸಮ ಬರೋಕೇ ಸಾಧ್ಯವಿಲ್ಲ. ಸಮ ಬಂತು ಅಂದ್ರೆ ಕಳವಾಗಿದೆ."

ರಾಜ ಎಣಿಸಿದ. ಹತ್ತು ಸಾವಿರದ ಆರು! ಅಷ್ಟರಲ್ಲಿ ಹಟ್ಟಿಯ ನಾಯಿ ದಳವಾಯಿ ಡೇರೆಯ ಹಿಂದಿನಿಂದ ಹಸಿ ಚರ್ಮ ಎಳೆದು ತಂದು ರಾಜನ ಪಾದದ ಬಳಿ ಹಾಕಿತು.

ರಾಜ ಮುದ್ದರಸನ ಕತ್ತಿ ಕಿತ್ತುಕೊಂಡು, ಕೈಗೆ ಕುರಿ ಹಿಕ್ಕೆ ಬಾಚೋ ಬುಟ್ಟಿ ಕೊಟ್ಟ. ಗುಡ್ಡ ಹಟ್ಟಿಯ ಪಾಲಾಯಿತು.

ತಿಳೀತೇನ್ರೋ? ಕದ್ದವನು ಸಾಕ್ಷಿಯ ಬಾಯಿ ಮುಚ್ಚಿಸಬಹುದು, ಲೆಕ್ಕದ ಬಾಯಿ ಮುಚ್ಚಿಸಕ್ಕಾಗಲ್ಲ. ನಿಮ್ಮ ಲೆಕ್ಕ ನಿಜವಾಗಿದ್ರೆ ದಳವಾಯಿ ಎದುರಿಗೂ ಕದಲಬೇಡಿ.