ಪಿಳ್ಳಕ್ಕನ ಹೊಲಕ್ಕೆ ಬಂದ ಎರೆಹುಳ

ಬಲು ಹಿಂದೆ, ಒಂದು ಊರಲ್ಲಿ, ಕಳೆ ಬಾರದಿರಲೆಂದು ಟೊಮೆಟೊ ಸಾಲಿಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಿದ್ದರಂತೆ. ಬೆಳೆ ಮುಗಿದ ಮೇಲೆ ಹಾಳೆ ಎತ್ತುವುದು ಬೇಸರದ ಕೆಲಸ. ಅದಕ್ಕೇ ಅದರ ಮೇಲೆ ಟ್ರ್ಯಾಕ್ಟರಿಗೆ ಕಟ್ಟಿದ ರೋಟವೇಟರ್ ಹೊಡೆಸಿ ಮಣ್ಣಲ್ಲೇ ಪುಡಿ ಮಾಡುತ್ತಿದ್ದರಂತೆ. ಕಣ್ಣಿಗೆ ಕಾಣದಿದ್ದರೆ ಇಲ್ಲವೆಂದೇ ಲೆಕ್ಕ.

ಆ ಊರಿನ ಪಿಳ್ಳಕ್ಕನಿಗೆ ಕಾಲುವೆ ಪಕ್ಕ ತುಂಡು ಹೊಲವಿತ್ತು. ಕೊತ್ತಂಬರಿ ಬೆಳೆದು ಬದುಕುತ್ತಿದ್ದಳು. ಗಾಳಿಗೆ ಹಾರಿಬಂದ ಹಾಳೆಚೂರನ್ನೆಲ್ಲ ಕೂತು ಹೆಕ್ಕುತ್ತಿದ್ದಳಂತೆ. ಕಣ್ಣು ಮುಚ್ಚಿ ಮಣ್ಣಲ್ಲಿ ಕೈಯಾಡಿಸಿದರೂ ಉಗುರಿನಷ್ಟು ಚೂರೂ ಅವಳ ಬೆರಳಿಗೆ ತಪ್ಪುತ್ತಿರಲಿಲ್ಲವಂತೆ. ಉಗುರಲ್ಲ, ಎಳ್ಳಿನಷ್ಟು ಎನ್ನುವವರೂ ಇದ್ದಾರೆ.

ಬರಬರುತ್ತಾ ಊರ ಹೊಲಗಳಲ್ಲಿ ನೀರು ಇಂಗದಾಯಿತು. ಅಗೆದರೆ ಒಂದೂ ಎರೆಹುಳವಿಲ್ಲ. ಹೂತ ಹಾಳೆ ತೆಗೆಯಿರಿ ಎಂದು ಪಿಳ್ಳಕ್ಕ ಮನೆಮನೆಗೆ ಹೇಳಿಬಂದಳಂತೆ. ಎಲ್ಲರೂ ಹೌದು ಹೌದೆಂದರು. ಆಮೇಲೆ ಪೇಟೆಗೆ ಹೋಗಿ ಎರೆಹುಳ ಕೊಂಡುತಂದರು. ತಂದದ್ದು ಪ್ಲಾಸ್ಟಿಕ್ ಚೀಲದಲ್ಲಿ. ಚೀಲವನ್ನೂ ಹೊಲದಲ್ಲೇ ಬಿಟ್ಟರು.

ಬೆಳಗಾಗುವುದರೊಳಗೆ ಹುಳಗಳೆಲ್ಲ ಸಾಲುಗಟ್ಟಿ ಬದು ಹತ್ತಿ, ದಾರಿ ದಾಟಿ, ಪಿಳ್ಳಕ್ಕನ ಹೊಲ ಸೇರಿದವಂತೆ. ಊರು ಪಂಚಾಯಿತಿ ಕರೆಯಿತು. ಪಿಳ್ಳಕ್ಕ ಹುಳಗಳ್ಳಿ!

"ನಮ್ ಹುಳಕ್ಕೆ ಅದೇನ್ ಮದ್ದು ಹಾಕ್ದೆ ಪಿಳ್ಳಕ್ಕಾ?" ಎಂದ ಊರ ಯಜಮಾನ ಅಬ್ಬಯ್ಯಪ್ಪ.

"ಮದ್ದು ಹಾಕಿ ಮನೇಲಿಟ್ಕೊಳ್ಳೋಕೆ ಅವೇನ್ ನಿನ್ ಅಳಿಯಂದಿರಾ ಅಣ್ಣಾ? ತಗೊಂಡೋಗಿ. ಹಾಳೆ ತೆಗೆದ್ರೆ ನಿಮ್ಮಲ್ಲೇ ಇರ್ತವೆ."

ತಗೊಂಡೋಗಿ ಎಂದದ್ದಷ್ಟೇ ಊರಿಗೆ ಕೇಳಿಸಿತು. ಗುದ್ದಲಿ ಹಿಡಿದು ಬಂದು, ಕೊತ್ತಂಬರಿ ಸಮೇತ ಅಗೆದು, ಬಕೆಟ್ಟಿನಲ್ಲಿ ಹುಳ ಹೊತ್ತೊಯ್ದರು. ಮರುದಿನ ಹುಳ ಮತ್ತೆ ಬಂದವು. ಅವುಗಳ ಹಿಂದೆ ಗುದ್ದಲಿಯೂ ಬಂತು. ದಿನಾ ಸಂಜೆ ಪಿಳ್ಳಕ್ಕ ಗುಂಡಿ ಮುಚ್ಚಿ, ಅಗೆದವರು ಎಸೆದ ಗುಟ್ಕಾ ಪ್ಯಾಕೆಟ್ ಹೆಕ್ಕಿ, ಉಳಿದ ಬೀಜ ಮತ್ತೆ ಚೆಲ್ಲುತ್ತಿದ್ದಳಂತೆ. ಆ ವರ್ಷ ಅವಳ ಕೈಗೆ ಒಂದು ಕಟ್ಟು ಸೊಪ್ಪೂ ಸಿಗಲಿಲ್ಲವಂತೆ. ಕೊನೆಗೆ ಅಗೆಯುವುದೂ ಬೇಸರವಾಗಿ ಊರವರು ಬಿಟ್ಟುಬಿಟ್ಟರು. ಅವಳಿರುವವರೆಗೂ ಆ ತುಂಡು ಹೊಲ ಬಿಟ್ಟು ಬೇರೆಲ್ಲೂ ಹುಳ ನಿಲ್ಲಲಿಲ್ಲವಂತೆ.

ಅವಳು ಸತ್ತ ಮೇಲೆ ಊರಿಗೆ ಭಕ್ತಿ ಬಂತು. ಅವಳ ಹೊಲದ ನಡುವೆ ಕಲ್ಲು ನೆಟ್ಟರು. ಇವತ್ತಿಗೂ ಟೊಮೆಟೊ ಮುಗಿದಾಗ ಪ್ರತಿ ಮನೆಯವರೂ ತಮ್ಮ ಹೊಲದಿಂದ ಒಂದು ಹಿಡಿ ಹಾಳೆ ಕಿತ್ತು ತಂದು, ಆ ಕಲ್ಲಿನ ಬುಡದಲ್ಲಿ ಹೂತು ಕೈಮುಗಿಯುತ್ತಾರೆ. ಮಿಕ್ಕದ್ದನ್ನು ಎಂದಿನಂತೆ ಉತ್ತುಬಿಡುತ್ತಾರೆ.

ಈಗ ಅಲ್ಲಿಯೂ ಹುಳವಿಲ್ಲ. ಅವೆಲ್ಲ ಪಿಳ್ಳಕ್ಕನ ಜೊತೆಗೇ ಹೋದವು, ಎಂಥ ನಿಷ್ಠೆ ಎಂದು ಊರವರು ಕಣ್ಣೊರೆಸಿಕೊಳ್ಳುತ್ತಾರೆ.