ತಂಬಿಗೆ ನೀರಿನ ತೋಟ

"ದಿನವೂ ದೇವರ ವಾಕ್ಯ ಓದಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ. ಆದರೂ ನನ್ನೊಳಗೆ ಏನೂ ಇಲ್ಲವಲ್ಲ, ಯಾಕೆ ಅಯ್ಯನವರೇ?"

ಉಪದೇಶಿ ಜಯಶೀಲ ಹೀಗೆ ಕೇಳಿ, ತನ್ನ ಸತ್ಯವೇದವನ್ನು ತಂದು ಸಭೆಯ ಹಿರಿಯ ಅಯ್ಯನವರ ಮೇಜಿನ ಮೇಲೆ ಇಟ್ಟುಬಿಟ್ಟ. ಅದರ ಮೇಲೆ ಒಂದು ಪುಟ್ಟ ಡಬ್ಬಿಯನ್ನೂ ಇಟ್ಟ. ಡಬ್ಬಿಯ ತುಂಬ ವಾಗ್ದಾನದ ಚೀಟಿಗಳು. ಬೆಳಿಗ್ಗೆ ಕಣ್ಣು ಮುಚ್ಚಿ ಒಂದು ಚೀಟಿ ತೆಗೆಯುವುದು, ಅದರಲ್ಲಿರುವ ವಚನ ಓದುವುದು, ಸುರುಳಿ ಸುತ್ತಿ ಮತ್ತೆ ಒಳಗಿಟ್ಟು ಕೆಲಸಕ್ಕೆ ಹೊರಡುವುದು. ಇಷ್ಟು ವರ್ಷ ಅವನ ಓದೆಂದರೆ ಅಷ್ಟೇ.

ಹೋದ ವಾರ ಅವನ ತಂಗಿ ಸಲೋಮಿಯ ಹಸುಗೂಸು ತೀರಿಕೊಂಡಿತ್ತು. "ಅಣ್ಣಾ, ಏನಾದರೂ ಹೇಳು" ಎಂದು ಅವಳು ಕೈ ಹಿಡಿದುಕೊಂಡಾಗ ಅವನು ಈ ಡಬ್ಬಿಯನ್ನೇ ತೆಗೆದ. ಕಣ್ಣು ಮುಚ್ಚಿ ಕೈ ಹಾಕಿದ. ಬಂದದ್ದು ಹರ್ಷಿಸಿ ಹಾಡಬೇಕೆನ್ನುವ ವಚನ. ಪುಣ್ಯಾತ್ಮ ಅದನ್ನು ಓದಿಯೂ ಬಿಟ್ಟ. ಸಲೋಮಿ ಗೋಡೆಯ ಕಡೆ ಮುಖ ತಿರುಗಿಸಿದಳು. ಅಂದಿನಿಂದ ಅವನೊಡನೆ ಅವಳ ಮಾತಿಲ್ಲ.

ಈಗ ದೇವಾಲಯದಲ್ಲಿ ಸಂಜೆಯ ಪ್ರಾರ್ಥನೆಗೆ ಜನ ಸೇರುತ್ತಿದ್ದರು. ಪ್ರಸಂಗ ಮಾಡಬೇಕಾದವನು ಜಯಶೀಲನೇ. ಸಲೋಮಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅದನ್ನು ನೋಡಿಯೇ ಅವನು ಅಯ್ಯನವರ ಕೋಣೆಗೆ ಬಂದಿದ್ದ.

"ನನ್ನಿಂದ ಆಗುವುದಿಲ್ಲ. ಇವತ್ತೂ ಬೇಡ, ಇನ್ನು ಮುಂದೆಯೂ ಬೇಡ. ಪುಸ್ತಕ ನೀವೇ ಇಟ್ಟುಕೊಳ್ಳಿ" ಎಂದ.

ಅಯ್ಯನವರು ಪುಸ್ತಕ ಮುಟ್ಟಲಿಲ್ಲ. "ಕೂತುಕೋ" ಎಂದು, ಕತೆ ಹೇಳಿದರು.

ಒಬ್ಬನಿಗೆ ಮಲ್ಲಿಗೆ ತೋಟವಿತ್ತು. ದಿನವೂ ಸಂಜೆ ಗಿಡಕ್ಕೊಂದು ತಂಬಿಗೆ ನೀರು ಹಾಕುತ್ತಿದ್ದ. ಮಣ್ಣು ಕಪ್ಪಾಯಿತೋ, ಮುಂದಿನ ಗಿಡಕ್ಕೆ ನಡೆದ. ಕತ್ತಲಾಗುವುದರೊಳಗೆ ತೋಟವೆಲ್ಲ ಒದ್ದೆಯಾಗುತ್ತಿತ್ತು, ಅವನಿಗೂ ಸಮಾಧಾನವಾಗುತ್ತಿತ್ತು. ಪಕ್ಕದ ತೋಟದ ಮುದುಕಿಯೂ ಅದೇ ಬಾವಿಯ ನೀರು ಸೇದುತ್ತಿದ್ದಳು. ಆದರೆ ದಿನಕ್ಕೆ ಎರಡು ಮೂರು ಗಿಡ ದಾಟುತ್ತಿರಲಿಲ್ಲ. ಪಾತಿ ತುಂಬಿಸುವಳು, ನೀರು ಇಂಗುವ ತನಕ ಪಕ್ಕದಲ್ಲೇ ಕೂರುವಳು, ಮತ್ತೆ ತುಂಬಿಸುವಳು. ಇವಳ ಕೆಲಸ ಮುಗಿಯುವಷ್ಟರಲ್ಲಿ ಮಳೆಗಾಲವೇ ಬರುತ್ತದೆ ಎಂದು ಅವನು ನಗುತ್ತಿದ್ದ.

ಆ ಬೇಸಿಗೆಯಲ್ಲಿ ಬಾವಿ ಬತ್ತಿತು. ಕೆಲವೇ ದಿನಗಳಲ್ಲಿ ಅವನ ಗಿಡಗಳು ಸೊರಗಿದವು, ಮೊಗ್ಗು ಉದುರಿದವು. ಮುದುಕಿಯ ತೋಟ ಹಸಿರಾಗಿಯೇ ಇತ್ತು. ಅವನ ಹೊಟ್ಟೆ ಉರಿಯಿತು. ಸಿಟ್ಟಿನಲ್ಲಿ ಒಂದು ಗಿಡ ಹಿಡಿದು ಎಳೆದ. ಒಂದೇ ಎಳೆತಕ್ಕೆ ಕಿತ್ತು ಬಂತು. ಬೇರುಗಳೆಲ್ಲ ಮೇಲುಮಣ್ಣಿನಲ್ಲೇ ಚಾಪೆಯಂತೆ ಹೆಣೆದುಕೊಂಡಿದ್ದವು. ನೀರು ಮೇಲೆಯೇ ಸಿಗುತ್ತಿದ್ದಾಗ ಒಂದು ಬೇರೂ ಕೆಳಗಿಳಿದಿರಲಿಲ್ಲ. ಅವನು ಇನ್ನೊಂದನ್ನು ಕಿತ್ತ, ಮತ್ತೊಂದನ್ನು ಕಿತ್ತ. ಕೊನೆಗೆ ಒಂದೇ ಒಂದು ಗಿಡ ಉಳಿಯಿತು. ಅದಕ್ಕೂ ಕೈ ಹಾಕಿದಾಗ ಮುದುಕಿ ಓಡಿ ಬಂದು ಅವನ ಮಣಿಕಟ್ಟು ಹಿಡಿದಳು.

"ನೀರು ಹಾಕುವುದನ್ನು ಒಂದು ದಿನವೂ ತಪ್ಪಿಸಿಲ್ಲ, ಅಮ್ಮಾ!" ಎಂದು ಅವನು ಕೂಗಿದ.

"ಇಲ್ಲಪ್ಪ, ತಪ್ಪಿಸಿಲ್ಲ. ಒಂದು ದಿನವೂ ಕೂತಿಲ್ಲ, ಅಷ್ಟೇ" ಎಂದಳು ಅವಳು.

ಬಾವಿಯ ತಳದಲ್ಲಿ ಒಸರಿದ ನೀರನ್ನು ಬಳಿದು ಬಳಿದು ಅವಳು ಒಂದು ಕೊಡ ತುಂಬಿಸಿಟ್ಟಿದ್ದಳು. ಅದು ಅವಳು ಕುಡಿಯುವ ನೀರು. ಅದನ್ನು ತಂದು ಆ ಒಂದೇ ಗಿಡದ ಪಾತಿಗೆ ಪೂರ್ತಿ ಸುರಿದಳು. ನೀರು ಮೆಲ್ಲಗೆ ಇಂಗತೊಡಗಿತು. ಇಬ್ಬರೂ ಅದರ ಮುಂದೆ ಕೂತರು.

ಅಯ್ಯನವರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಡಬ್ಬಿಯನ್ನು ತೆಗೆದು ಪಕ್ಕಕ್ಕಿಟ್ಟರು. ಪುಸ್ತಕವನ್ನು ಇದ್ದಲ್ಲೇ ಬಿಟ್ಟರು. ಹೊರಗೆ ಪ್ರಾರ್ಥನೆಯ ಗಂಟೆ ಹೊಡೆಯಿತು. ಜಯಶೀಲನಿಗೆ ಏಳುವುದಕ್ಕೂ ಆಗಲಿಲ್ಲ, ಕೂರುವುದಕ್ಕೂ ಆಗಲಿಲ್ಲ.

"ಆ ಕೊನೆಯ ಗಿಡ ಬದುಕಿತೇ, ಅಯ್ಯನವರೇ?" ಎಂದು ಕೇಳಿದ.

"ನನಗೆ ಗೊತ್ತಿಲ್ಲಪ್ಪ, ಅದು ಈಗಷ್ಟೇ ಬಂದು ನನ್ನ ಮುಂದೆ ಕೂತಿದೆ."