ಎರಡನೆಯ ಕೀಲಿ

"ಗುರುಗಳೇ, ಮನುಷ್ಯರನ್ನು ನಂಬಿ ಎಂದು ಬಂದವರಿಗೆಲ್ಲ ಹೇಳುವ ನಾವೇ ಗಾಡಿಗೆ ಬೀಗ ಜಡಿದು ಕೂತರೆ, ನಮ್ಮ ಮಾತಿಗೆ ಬೆಲೆ ಏನು?"

ಶಿಷ್ಯ ಚಿದಾನಂದ ಹೀಗೆ ಕೇಳಿದ. ಭಕ್ತರೊಬ್ಬರು ಆಶ್ರಮಕ್ಕೆ ಒಂದು ಕಾರು ಕೊಟ್ಟಿದ್ದರು. ಅದನ್ನು ಓಡಿಸುವುದು, ತೊಳೆಯುವುದು, ನೋಡಿಕೊಳ್ಳುವುದು ಎಲ್ಲ ಅವನ ಪಾಲಿಗೆ ಬಂದಿತ್ತು. ಅದಕ್ಕೊಂದು ಗೇರ್ ಲಾಕ್ ಹಾಕಿಸು, ಕೀಲಿಯನ್ನು ಜಗಲಿಯ ಗೂಟಕ್ಕೆ ನೇತುಹಾಕಬೇಡ ಎಂದು ಗುರುಗಳು ಅಂದು ಬೆಳಿಗ್ಗೆ ಹೇಳಿದ್ದರು. ಆ ಮಾತು ಅವನಿಗೆ ಹಿಡಿಸಿರಲಿಲ್ಲ.

ಗುರುಗಳು ಅವನನ್ನು ಕೂರಲು ಹೇಳಿ, ಈ ಕತೆ ಶುರುಮಾಡಿದರು.

ಹೊಳೆ ದಂಡೆಯ ಒಂದು ಊರಿನಲ್ಲಿ ಮರುಳಪ್ಪನೆಂಬ ಪಾತ್ರೆ ವ್ಯಾಪಾರಿ ಇದ್ದ. ಅವನಿಗೆ ಕೊಟ್ರೇಶಿ ಎಂಬ ಒಬ್ಬನೇ ತಮ್ಮ. ತಂದೆ ತೀರಿಕೊಂಡಾಗ ಕೊಟ್ರೇಶಿ ಇನ್ನೂ ಶಾಲೆಗೆ ಹೋಗುತ್ತಿದ್ದ. ಮರುಳಪ್ಪ ಅವನನ್ನು ಓದಿಸಿದ. ಓದು ಮುಗಿದ ಮೇಲೆ ಅಂಗಡಿಯಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಮರುಳಪ್ಪನ ಹೆಂಡತಿ ಹಾಲಮ್ಮನಿಗೆ ಮಕ್ಕಳಿರಲಿಲ್ಲ. ಅವಳೂ ಮೈದುನನನ್ನು ಮಗನಂತೆಯೇ ನೋಡಿಕೊಂಡಳು.

ವ್ಯಾಪಾರ ಕುದುರಿದ ಮೇಲೆ ಅಣ್ಣತಮ್ಮಂದಿರು ಸೇರಿ ಒಂದು ಕಾರು ಕೊಂಡರು. ಅದಕ್ಕೆ ಎರಡು ಕೀಲಿಗಳಿದ್ದವು. ಒಂದನ್ನು ಮರುಳಪ್ಪ ತಲೆಬಾಗಿಲಿನ ಪಕ್ಕದ ಮೊಳೆಗೆ ತೂಗುಹಾಕಿದ. ಇನ್ನೊಂದನ್ನು ತಮ್ಮನ ಕೈಗೆ ಕೊಟ್ಟ.

ಕಾರು ಮನೆಯ ಮುಂದಿನ ಬೀದಿಯಲ್ಲೇ ನಿಲ್ಲುತ್ತಿತ್ತು. ಮರುಳಪ್ಪ ಅದರ ಬಾಗಿಲಿಗೆ ಬೀಗ ಹಾಕುತ್ತಿರಲಿಲ್ಲ. ಬೀದಿಯಲ್ಲಿ ಯಾರಿಗಾದರೂ ಆಸ್ಪತ್ರೆಗೆ ಹೋಗಬೇಕಾದರೆ, ಮದುವೆಗೆ ನೆಂಟರನ್ನು ಕರೆತರಬೇಕಾದರೆ, ಬಂದು ಒಂದು ಮಾತು ಹೇಳಿ ಕೀಲಿ ತೆಗೆದುಕೊಂಡು ಹೋಗುತ್ತಿದ್ದರು. ಅಂಥ ಮನುಷ್ಯ ಇನ್ನೊಬ್ಬನಿಲ್ಲ ಎಂದು ಊರಿನವರು ಹೊಗಳುತ್ತಿದ್ದರು. ಆ ಹೊಗಳಿಕೆ ಮರುಳಪ್ಪನಿಗೆ ಇಷ್ಟವಾಗುತ್ತಿತ್ತು. ಬರಬರುತ್ತಾ ಅಂಗಡಿಗೆ ಬಂದ ಗಿರಾಕಿಗಳ ಮುಂದೆ ತಾನೇ ಆ ಮಾತು ತೆಗೆಯತೊಡಗಿದ. ನನ್ನ ಕಾರಿಗೆ ಬೀಗವೇ ಇಲ್ಲ, ನನ್ನ ಬೀದಿಯ ಜನವೇ ಬೀಗ ಎನ್ನುತ್ತಿದ್ದ.

ಕೊಟ್ರೇಶಿಗೆ ಇದು ಸರಿ ಕಾಣಲಿಲ್ಲ. ಪಕ್ಕದ ಊರುಗಳಲ್ಲಿ ಕಾರು ಕಳುವಾದ ಸುದ್ದಿ ಅವನ ಕಿವಿಗೆ ಬಿದ್ದಿತ್ತು. ಒಂದು ಗೇರ್ ಲಾಕ್ ಹಾಕಿಸೋಣ, ಹಿತ್ತಿಲ ಕಡೆಯ ಗೋಡೆ ಒಡೆದು ಗೇಟ್ ಇಟ್ಟು ಒಳಗೆ ನಿಲ್ಲಿಸೋಣ ಎಂದು ಅಣ್ಣನಿಗೆ ಹೇಳಿ ನೋಡಿದ. ಮರುಳಪ್ಪ ನಕ್ಕುಬಿಟ್ಟ. ನಿನಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆ ಎಂದ. ಅದನ್ನು ಗಿರಾಕಿಗಳ ಎದುರಿಗೇ ಅಂದ. ಕೊಟ್ರೇಶಿ ಮತ್ತೆ ಆ ವಿಷಯ ಎತ್ತಲಿಲ್ಲ.

ಒಂದು ಬೆಳಿಗ್ಗೆ ಮರುಳಪ್ಪ ಬಾಗಿಲು ತೆರೆದಾಗ ಬೀದಿಯಲ್ಲಿ ಕಾರು ಇರಲಿಲ್ಲ. ಅದು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು.

ಯಾರೋ ತುರ್ತಿಗೆ ಒಯ್ದಿರಬೇಕು ಎಂದುಕೊಂಡ. ಮೊಳೆಯ ಕಡೆ ತಿರುಗಿ ನೋಡಿದ. ಕೀಲಿ ಅಲ್ಲೇ ತೂಗುತ್ತಿತ್ತು. ಬೀದಿಯ ಮನೆಗಳಿಗೆಲ್ಲ ಹೋಗಿ ವಿಚಾರಿಸಿದ. ಯಾರೂ ಒಯ್ದಿರಲಿಲ್ಲ. ಆಗ ಅವನಿಗೆ ಮೊದಲು ಆದದ್ದು ನಾಚಿಕೆ. ಇಷ್ಟು ದಿನ ತನ್ನ ಮಾತು ಕೇಳಿಸಿಕೊಂಡವರೆಲ್ಲ ಈಗ ಏನೆಂದು ಆಡಿಕೊಳ್ಳುತ್ತಾರೋ ಎಂಬ ಯೋಚನೆ ಹತ್ತಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಈ ಕೀಲಿ ಇಲ್ಲಿದ್ದರೆ, ಕಾರು ಹೋದದ್ದು ಯಾವ ಕೀಲಿಯಿಂದ?

ಒಳಗೆ ಹೋಗಿ ತಮ್ಮನನ್ನು ಎಬ್ಬಿಸಿ, ನಿನ್ನ ಕೀಲಿ ಎಲ್ಲಿ ಎಂದು ಕೇಳಿದ.

ಕೊಟ್ರೇಶಿ ಅಂಗಿಯ ಜೇಬು ನೋಡಿದ. ಚೀಲ ಕೊಡವಿದ. ಹಾಸಿಗೆ ಎತ್ತಿ ನೋಡಿದ. ಅಂಗಡಿಗೆ ಓಡಿ ಅಲ್ಲಿಯೂ ಹುಡುಕಿ ಬಂದ. ಕೀಲಿ ಸಿಗಲಿಲ್ಲ. ಮೊನ್ನೆ ತನಕ ಇತ್ತು ಎಂದ. ಹಾಗೆನ್ನುವಾಗ ಅವನ ಮುಖ ಬಿಳಿಚಿಕೊಂಡಿತ್ತು. ಮರುಳಪ್ಪನ ಮನಸ್ಸು ಆ ಬಿಳಿಚಿದ ಮುಖದ ಮೇಲೆಯೇ ನಿಂತುಬಿಟ್ಟಿತು. ಹೋದ ತಿಂಗಳು ಕೊಟ್ರೇಶಿ ಬೇರೆ ಅಂಗಡಿ ಇಡುವ ಮಾತು ತೆಗೆದಿದ್ದ. ಈಗಲೇ ಬೇಡ ಎಂದು ಮರುಳಪ್ಪ ತಳ್ಳಿಹಾಕಿದ್ದ. ಅದೂ ಈಗ ನೆನಪಿಗೆ ಬಂತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಮನಸ್ಸು ಎರಡನ್ನೂ ಕೂಡಿಸಿ ನೋಡಿತು.

ಇಬ್ಬರೂ ದೂರು ಕೊಡಲು ಠಾಣೆಗೆ ಹೋದರು. ಅಲ್ಲಿದ್ದ ಅಧಿಕಾರಿ ಕಾರಿನ ನಂಬರು, ಬಣ್ಣ, ನಿಲ್ಲಿಸಿದ ಜಾಗ ಕೇಳಿದರು. ಬೀಗ ಹಾಕಿದ್ದಿರಾ ಎಂದು ಕೇಳಿದರು. ಇಲ್ಲ ಎನ್ನುವಾಗ ಮರುಳಪ್ಪ ತಲೆ ತಗ್ಗಿಸಿದ. ಕೀಲಿಗಳ ಮಾತು ಬಂತು. ಒಂದು ಇಲ್ಲಿದೆ ಎಂದು ಮೇಜಿನ ಮೇಲೆ ಇಟ್ಟ. ಇನ್ನೊಂದೆಲ್ಲಿ ಎಂದು ಅವರು ಕೇಳಿದರು.

"ಅದು ತಮ್ಮನ ಹತ್ತಿರ ಇತ್ತು. ಕಳೆದುಹೋಗಿದೆಯಂತೆ" ಎಂದ ಮರುಳಪ್ಪ.

ಕಳೆದುಹೋಗಿದೆ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನು ಕಳೆದುಹೋಗಿದೆಯಂತೆ ಎಂದ. ಪಕ್ಕದಲ್ಲಿ ನಿಂತಿದ್ದ ಕೊಟ್ರೇಶಿ ಅಣ್ಣನ ಕಡೆ ತಿರುಗಿ ನೋಡಿದ. ಅಧಿಕಾರಿಯೂ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಮನೆಯವರ ಮೇಲೇನಾದರೂ ಅನುಮಾನ ಇದೆಯೇ ಎಂದು ಕೇಳಿದರು. ಮರುಳಪ್ಪ ಇದೆ ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ನಿಮಗೆ ಹೇಗೆ ಸರಿ ಕಾಣುತ್ತದೋ ಹಾಗೆ ವಿಚಾರಿಸಿ ಎಂದ.

ಕೊಟ್ರೇಶಿಯನ್ನು ಠಾಣೆಯಲ್ಲೇ ಕೂರಿಸಿಕೊಂಡರು. ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಕೇಳಿದ್ದನ್ನೇ ತಿರುಗಿಸಿ ತಿರುಗಿಸಿ ಕೇಳಿದರು. ಉಳಿದ ಹೊತ್ತು ಅವನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದ. ಠಾಣೆ ಇದ್ದದ್ದು ಸಂತೆ ಬೀದಿಯಲ್ಲಿ. ಹೋಗಿಬರುವವರೆಲ್ಲ ಅವನನ್ನು ನೋಡಿದರು. ಅವನಿಂದ ಕೊಡ, ತಟ್ಟೆ ಕೊಂಡುಕೊಂಡವರೂ ಅವರಲ್ಲಿದ್ದರು. ಸಂಜೆ ಮನೆಗೆ ಕಳಿಸಿದರು.

ಹಾಲಮ್ಮ ಊಟಕ್ಕೆ ಬಡಿಸಿದಳು. ಕೊಟ್ರೇಶಿ ತಲೆ ಬಗ್ಗಿಸಿ ಉಂಡ. ಕೇಳಿದ್ದಕ್ಕೆ ಉತ್ತರ ಕೊಟ್ಟೆನೇ ಹೊರತು ನಾನೇನೂ ದೂರಲಿಲ್ಲವಲ್ಲ ಎಂದು ಮರುಳಪ್ಪ ತನಗೆ ತಾನೇ ಹೇಳಿಕೊಂಡ. ಅದನ್ನು ತಮ್ಮನಿಗೂ ಹೇಳಬೇಕೆಂದು ಅನಿಸಿತು. ಹೇಳಲಿಲ್ಲ. ಕೆಲವು ದಿನ ಕಳೆದ ಮೇಲೆ ವಿಮೆಯವರು ಬಂದು ಎರಡೂ ಕೀಲಿ ತೋರಿಸಿ ಎಂದರು. ಮರುಳಪ್ಪ ಅವರೆದುರಿಗೇ ತಮ್ಮನನ್ನು ಕರೆದು ಮತ್ತೊಮ್ಮೆ ಕೇಳಿದ. ಸಿಕ್ಕಿಲ್ಲ ಎಂದಷ್ಟೇ ಹೇಳಿ ಕೊಟ್ರೇಶಿ ಒಳಗೆ ಹೋದ.

ಮುಂದೆ ಬೇರೊಂದು ಜಿಲ್ಲೆಯಲ್ಲಿ ಕಾರು ಕದಿಯುವ ಗುಂಪೊಂದು ಸಿಕ್ಕಿಬಿತ್ತು. ಅವರು ಬಚ್ಚಿಟ್ಟಿದ್ದ ಗಾಡಿಗಳ ನಡುವೆ ಮರುಳಪ್ಪನ ಕಾರೂ ಇತ್ತು. ಹೇಗೆ ಒಯ್ದಿರಿ ಎಂದು ಕೇಳಿದಾಗ ಅವರು ಇದ್ದದ್ದನ್ನು ಹೇಳಿದರು. ಆ ಬೀದಿಯಲ್ಲಿ ಎರಡು ಕಾರುಗಳಿದ್ದವು, ಒಂದಕ್ಕೆ ಗೇರ್ ಲಾಕ್ ಇತ್ತು, ಅದನ್ನು ಬಿಟ್ಟೆವು. ಇನ್ನೊಂದರ ಬಾಗಿಲು ಹಿಡಿದರೆ ತೆರೆದುಕೊಂಡಿತು, ಸ್ಟೇರಿಂಗ್ ಕೆಳಗಿನ ತಂತಿ ಜೋಡಿಸಿ ಓಡಿಸಿಕೊಂಡು ಬಂದೆವು ಎಂದರು. ಅವರಿಗೆ ಯಾವ ಕೀಲಿಯೂ ಬೇಕಾಗಿರಲಿಲ್ಲ.

ಕೋರ್ಟಿನ ಅಪ್ಪಣೆ ಪಡೆದು ಮರುಳಪ್ಪ ಕಾರು ಬಿಡಿಸಿಕೊಂಡು ಬಂದ. ಮನೆಯ ಮುಂದೆ ನಿಲ್ಲಿಸಿ ತಾನೇ ತೊಳೆದ. ಒಳಗಿನ ಧೂಳು ತೆಗೆಯಲೆಂದು ಮುಂದಿನ ಸೀಟಿನ ಕೆಳಗೆ ಕೈ ಹಾಕಿದಾಗ ಬೆರಳಿಗೆ ಏನೋ ತಗುಲಿತು. ಎಳೆದು ನೋಡಿದರೆ ತಮ್ಮನ ಕೀಲಿ. ಇಳಿಯುವಾಗ ಜೇಬಿನಿಂದ ಜಾರಿ ಸೀಟಿನ ಸಂದಿಗೆ ಬಿದ್ದಿತ್ತು. ಕಳ್ಳರ ಕಣ್ಣಿಗೂ ಬಿದ್ದಿರಲಿಲ್ಲ. ಮರುಳಪ್ಪ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಾರಿನಲ್ಲೇ ಬಹಳ ಹೊತ್ತು ಕೂತ.

ಮರುದಿನದಿಂದಲೇ ಅವನು ಕೆಲಸಕ್ಕೆ ತೊಡಗಿದ. ಮೆಕ್ಯಾನಿಕ್ ಬಂದು ಗೇರ್ ಲಾಕ್ ಹಾಕಿದ. ಯಾರಾದರೂ ಬಾಗಿಲು ಅಲುಗಿಸಿದರೆ ಕೂಗುವ ಸೈರನ್ ಕೂರಿಸಿದ. ಗಾಡಿ ಎಲ್ಲಿದೆ ಎಂದು ಫೋನಿನಲ್ಲೇ ತೋರಿಸುವ ಯಂತ್ರವನ್ನು ಕಣ್ಣಿಗೆ ಕಾಣದ ಕಡೆ ಇಟ್ಟ. ಹಿತ್ತಿಲ ಗೋಡೆ ಒಡೆಸಿ ಕಬ್ಬಿಣದ ಗೇಟ್ ಮಾಡಿಸಿದ್ದಾಯಿತು. ಮೊಳೆಯ ಮೇಲಿದ್ದ ಕೀಲಿ ಬೀರುವಿಗೆ ಹೋಯಿತು. ಬೀದಿಯವರಿಗೆ ಅಡ್ಡಿಯಾಗಲಿಲ್ಲ. ಬೇಕಾದಾಗ ಬಂದು ಕೇಳುತ್ತಿದ್ದರು, ಅವನು ಬೀರು ತೆರೆದು ಕೊಡುತ್ತಿದ್ದ. ಅದರಿಂದ ಯಾರ ಗೌರವಕ್ಕೂ ಕುಂದು ಬರಲಿಲ್ಲ, ಯಾರ ಕೆಲಸವೂ ನಿಲ್ಲಲಿಲ್ಲ. ಇಷ್ಟು ಸುಲಭದ ಕೆಲಸವನ್ನು ತಮ್ಮ ಹೇಳಿದ ದಿನವೇ ಏಕೆ ಮಾಡಲಿಲ್ಲ ಎಂದು ಮರುಳಪ್ಪ ತನ್ನನ್ನೇ ಕೇಳಿಕೊಂಡ.

ಎಲ್ಲ ಮುಗಿದ ದಿನ ಅವನು ಎರಡನೆಯ ಕೀಲಿಯನ್ನು ಒರೆಸಿ ತಮ್ಮನ ಬಳಿಗೆ ಹೋದ. ಕೊಟ್ರೇಶಿ ಅಂಗಡಿಯಲ್ಲಿ ಹೊಸ ಕೊಡಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ.

"ಇದು ನಿಂದು, ಇಟ್ಕೋ" ಎಂದ ಮರುಳಪ್ಪ.

"ಬೇಡಣ್ಣ. ಇದು ನನ್ನ ಹತ್ರ ಇದ್ರೆ, ನಾಳೆ ಏನಾದ್ರೂ ಆದಾಗ ನೀನು ಮತ್ತೆ ನನ್ನನ್ನೇ ಕೇಳ್ಬೇಕಾಗ್ತದೆ."

"ತಪ್ಪಾಯ್ತು ಕೊಟ್ರೇಶಿ. ಮರೆತುಬಿಡು."

ಕೊಟ್ರೇಶಿ ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟ.

"ನಿನ್ನ ಮೇಲೆ ನಂಗೆ ಸಿಟ್ಟಿಲ್ಲಣ್ಣ. ನನ್ನ ತಮ್ಮ ಅಂಥವನಲ್ಲ ಅಂತ ಒಂದು ಮಾತು ಹೇಳೋಕೆ ನೀನು ವಾಪಸ್ ಬರ್ತೀಯ ಅಂದ್ಕೊಂಡು ಆ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲ ಹತ್ರ ಯಾರ ನೆರಳು ಬಿದ್ರೂ ನೀನೇ ಅನ್ಕೊಂಡೆ. ಸಂಜೆ ತನಕ ಕಾಯ್ದೆ."

ಅಂದು ಮರುಳಪ್ಪ ಅಂಗಡಿಯಲ್ಲೇ ಇದ್ದ. ಠಾಣೆ ಕೂಗಳತೆಯಲ್ಲಿತ್ತು. ಹೋಗಬಹುದಿತ್ತು.

ಆ ವರ್ಷ ಕಳೆಯುವಷ್ಟರಲ್ಲಿ ಕೊಟ್ರೇಶಿ ಬೇರೊಂದು ಊರಿನಲ್ಲಿ ಅಂಗಡಿ ಇಟ್ಟ. ಜಗಳವಾಗಲಿಲ್ಲ, ಪಾಲಿನ ಪಂಚಾಯಿತಿಯೂ ನಡೆಯಲಿಲ್ಲ. ಅಣ್ಣ ಅತ್ತಿಗೆಯ ಕಾಲಿಗೆ ನಮಸ್ಕಾರ ಮಾಡಿಯೇ ಹೊರಟ. ಹಬ್ಬಕ್ಕೆ ಬರುತ್ತಿದ್ದ. ಅತ್ತಿಗೆಗೆ ಸೀರೆ ತರುತ್ತಿದ್ದ, ಅಣ್ಣನ ಆರೋಗ್ಯ ವಿಚಾರಿಸುತ್ತಿದ್ದ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದ. ತಾನಾಗಿ ಮಾತ್ರ ಏನನ್ನೂ ಹೇಳುತ್ತಿರಲಿಲ್ಲ. ಹೊರಡುವಾಗ ಮರುಳಪ್ಪ, ಕಾರಿನಲ್ಲಿ ಬಿಟ್ಟು ಬರುತ್ತೇನೆ ಎಂದರೆ, ಬಸ್ಸು ಇದೆಯಲ್ಲ, ನಿನಗ್ಯಾಕೆ ತೊಂದರೆ ಎಂದು ನಡೆದುಬಿಡುತ್ತಿದ್ದ. ಅಂಥ ಮಾತನ್ನು ನೆಂಟರು ಆಡುತ್ತಾರೆ. ತನ್ನ ಪಕ್ಕದಲ್ಲಿ ಕೂತು ದೊಡ್ಡವನಾದವನ ಬಾಯಲ್ಲಿ ಅದು ಬಂದಾಗಲೆಲ್ಲ ಮರುಳಪ್ಪ ಬಾಗಿಲಲ್ಲೇ ನಿಂತುಬಿಡುತ್ತಿದ್ದ.

ಕಾರು ಮತ್ತೆಂದೂ ಕಳುವಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪನಿಗೆ ಬೀದಿಯವರ ಮೇಲಿದ್ದ ನಂಬಿಕೆ ತಮ್ಮನ ಮೇಲೆ ಇರಲಿಲ್ಲ, ಅವನು ಕೆಟ್ಟದ್ದು ಅದರಿಂದ ಎಂದ ಚಿದಾನಂದ. ನಂಬಿಕೆ ಗಟ್ಟಿಯಾಗಿರುವ ನಿಮ್ಮಂಥವರಿಗೆ ಬೀಗದ ಗೊಡವೆ ಏಕೆ ಎಂದು ಕೇಳಿದ.

ಗುರುಗಳು ಅವನ ಮುಖವನ್ನೇ ನೋಡುತ್ತಾ ಹೇಳಿದರು:

"ನನಗೆ ಕಳ್ಳನ ಭಯವಿಲ್ಲ ಚಿದಾನಂದ, ಗಾಡಿ ಕಾಣದ ಬೆಳಿಗ್ಗೆ ನಾನು ನಿನ್ನನ್ನು ಹೇಗೆ ನೋಡುತ್ತೇನೋ ಎಂಬ ಭಯವಿದೆ."